ಮೂಟೆ ತೂಕ ಬೇರೆ, ಓಟಿ ಬೇರೆ: ಕಾಲೇಜ್ ಹುಡುಗೀರ ಬ್ಯಾಸ್ಕೆಟ್‌ಬಾಲ್ ಟೀಮಿನ ರೆಕಾರ್ಡ್ ನೋಡೋದು ಹೇಗೆ

ಕಾಪಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರೋಕೆ ಹೋದವರಿಗೆಲ್ಲ ಗೊತ್ತಿರುತ್ತೆ, ಏಜೆಂಟು ನಿಮ್ಮ ಮೂಟೆ ಎಷ್ಟು ಉಬ್ಬಿದೆ ಅಂತ ನೋಡಲ್ಲ. ಒಳಗೆ ಕೈ ಹಾಕಿ ಒಂದಿಷ್ಟು ತೆಗೀತಾನೆ, ಚಿಕ್ಕ ಮಷೀನಿಗೆ ಹಾಕಿ ಸಿಪ್ಪೆ ಬಿಡಿಸ್ತಾನೆ, ಉಳಿದ ಬೀಜನ ತಟ್ಟೇಲಿ ಹರವಿ ಕಪ್ಪಾಗಿರೋದು ಒಡೆದಿರೋದು ಎಲ್ಲ ಬೆರಳಲ್ಲೇ ಪಕ್ಕಕ್ಕೆ ತಳ್ಳಿ, ತೂಕ ಹಾಕಿ, "ಓಟಿ ಇಪ್ಪತ್ತಾರೂವರೆ" ಅಂತಾನೆ. ಅಂದ್ರೆ 50 ಕೆಜಿ ಚೆರಿಗೆ ಇಪ್ಪತ್ತಾರೂವರೆ ಕೆಜಿ ಬೀಜ, ರೇಟು ಕಟ್ಟೋದು ಅದರ ಮೇಲೆ. ನಮ್ಮ ಮಾವ ಪ್ರತಿ ವರ್ಷ ಅಲ್ಲೇ ನಿಂತು ಜಗಳ ಆಡ್ತಾರೆ, ಇಪ್ಪತ್ತೆಂಟಾದ್ರೂ ಬರ್ಬೇಕಿತ್ತು ಅಂತ, ಆದ್ರೆ ಮೂಟೆ ತೂಕನೇ ನೋಡಿ ದುಡ್ಡು ಕೊಡಿ ಅಂತ ಒಂದು ದಿನಾನೂ ಕೇಳಿಲ್ಲ. ಅಷ್ಟು ಬುದ್ಧಿ ಬ್ಯಾಸ್ಕೆಟ್‌ಬಾಲ್ ನೋಡೋವಾಗ ನಮಗ್ಯಾರಿಗೂ ಇರಲ್ಲ, 28-2, ಅಂದ್ರೆ 28 ಗೆಲುವು 2 ಸೋಲು, ಅಂತ ಕಂಡ ತಕ್ಷಣ ಬಾಯಿ ಬಿಡ್ತೀವಿ.

ನಾನು ಹೇಳ್ತಿರೋದು ಅಮೆರಿಕದ ಎನ್‌ಸಿಎಎ (ಕಾಲೇಜು ಆಟಗಳನ್ನ ನಡೆಸೋ ಸಂಸ್ಥೆ) ಡಿವಿಷನ್ ಒನ್, ಅಂದ್ರೆ ಎಲ್ಲಕ್ಕಿಂತ ಮೇಲಿನ ಹಂತದ, ಹುಡುಗೀರ ಬ್ಯಾಸ್ಕೆಟ್‌ಬಾಲ್ ಬಗ್ಗೆ. ಸೀಸನ್ನು ನವೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತೆ, ಹೆಚ್ಚೂ ಕಡಿಮೆ ನಮ್ಮ ಅರೇಬಿಕಾ ಕೊಯ್ಲಿಂದ ಹೂ ಮಳೆ ತನಕ. ಅಲ್ಲಿ ಸಂಜೆ 7ರ ಮ್ಯಾಚು ನಮಗೆ ಬೆಳಿಗ್ಗೆ 5:30, ಹಾಗಾಗಿ ಕಾಪಿ ಲೋಟ ಹಿಡ್ಕೊಂಡು ನೆಟ್‌ವರ್ಕ್ ಸಿಗೋ ಕಿಟಕಿ ಪಕ್ಕ ಕೂತು ನೋಡೋದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಟೀಮುಗಳು ಸುಮಾರು 360. ಈ ನಂಬರ್ ನೋಡಿದಾಗ ನಂಗೆ ನಗು ಬಂತು, ಯಾಕಂದ್ರೆ 2024ರಲ್ಲಿ ನಮ್ಮ ಕೊಡಗಿನ ನಾಪೋಕ್ಲುವಿನ ಕುಂಡ್ಯೋಳಂಡ ಹಾಕಿ ಹಬ್ಬಕ್ಕೂ 360 ಕುಟುಂಬದ ಟೀಮು ಬಂದಿದ್ವು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಟೀಮು ಇಟ್ಕೊಂಡು ಶುರು ಮಾಡಿದ್ದು ಅಲ್ಲೀತನಕ ಬೆಳೀತು. ಹಾಕಿ ಹಬ್ಬ ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗ್ಲೇ ಗೊತ್ತು: ಮೂರು ರೌಂಡು 6-0, 5-0 ಅಂತ ಗೆದ್ದು ಬಂದ ಮನೆ ನಾಲ್ಕನೇ ರೌಂಡಲ್ಲಿ ಸರಿಯಾದ ಟೀಮು ಸಿಕ್ಕಿದ ಕೂಡ್ಲೆ ಚಾಪೆ ಸುತ್ಕೊಂಡು ಹೋಗುತ್ತೆ, ಅದರ ಪಕ್ಕದಲ್ಲೇ ಇನ್ನೊಂದು ಮನೆ ಅಷ್ಟೇ ಸುಲಭದ ಡ್ರಾದಲ್ಲಿ ಬಂದು ಫೈನಲ್ಲಿಗೇ ಹೋಗುತ್ತೆ. ಎರಡಕ್ಕೂ ಆ ತನಕದ ರೆಕಾರ್ಡು ಒಂದೇ. ವ್ಯತ್ಯಾಸ ಮೊದಲೇ ಕಂಡುಹಿಡಿಯೋದು ಹೇಗೆ ಅನ್ನೋದೇ ಪ್ರಶ್ನೆ.

ನನ್ನ ಸ್ವಂತದ್ದೊಂದು ಹೇಳ್ಬಿಡ್ತೀನಿ. ಕೊಡಗಿನ ಕಾಲೇಜುಗಳೆಲ್ಲ ಮಂಗಳೂರು ಯೂನಿವರ್ಸಿಟಿ ಕೆಳಗಿದ್ದ ಕಾಲ, ನಾವು ಹುಡುಗೀರ ಟೀಮು ಜಿಲ್ಲೆ ಒಳಗೆ ಆಡಿದ ಮ್ಯಾಚೆಲ್ಲ ಗೆದ್ವಿ, ಒಂದೂ ಸೋತಿಲ್ಲ, ಕಾಲೇಜಲ್ಲಿ ಹಾರ ಹಾಕಿ ಫೋಟೋ ಬೇರೆ ತೆಗೆಸಿದ್ರು. ಆಮೇಲೆ ಇಂಟರ್ ಕಾಲೇಜಿಯೇಟ್ ಅಂತ ಘಾಟಿ ಇಳಿದು ಹೋದ್ವಿ. ಕರಾವಳಿ ಕಡೆಯ ಒಂದು ಕಾಲೇಜು, ಅವರ ಹುಡುಗೀರು ವಾರ್ಮ್‌ಅಪ್ ಮಾಡ್ತಿರೋದು ನೋಡೇ ನಮ್ಮ ಪಾಯಿಂಟ್ ಗಾರ್ಡ್ (ಬಾಲ್ ತಗೊಂಡು ಬಂದು ಆಟ ನಡೆಸೋಳು) "ಅಕ್ಕ, ನಂಗೆ ಹೊಟ್ಟೆ ನೋವು" ಅಂದ್ಳು. ಹಾಫ್ ಟೈಮಿಗೆ ನಮ್ಮ ಸ್ಕೋರು ಎರಡಂಕಿ ಮುಟ್ಟಿರಲಿಲ್ಲ. ನಾವು ಊರಲ್ಲಿ ಗೆಲ್ತಿದ್ದಿದ್ದು ಹೇಗೆ ಅಂದ್ರೆ ಎದುರಿನವರ ಕೈಯಿಂದ ಬಾಲ್ ಕಿತ್ಕೊಂಡು ಓಡೋಗಿ ಲೇಅಪ್ ಹಾಕೋದು, ಅಷ್ಟೇ, ಬೇರೆ ಆಟನೇ ಇರಲಿಲ್ಲ. ಬಾಲ್ ಕಿತ್ಕೊಳ್ಳೋಕೆ ಬಿಡದೇ ಇರೋ ಟೀಮು ಬಂದಾಗ ಏನ್ ಮಾಡ್ಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಈ ಕಿತ್ಕೊಂಡು ಓಡೋ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ.

ಈಗ ಕೆಲಸಕ್ಕೆ ಬರೋಣ. ಮೊದಲು ಮಾಡ್ಬೇಕಾದ್ದು ಸಿಪ್ಪೆ ಬಿಡಿಸೋದು. ಒಂದು ಟೀಮಿನ ಪೂರ್ತಿ ಶೆಡ್ಯೂಲ್ ತೆಗೀರಿ, ವಾರನ್ ನೋಲನ್ ಸೈಟಲ್ಲಿ ಟೀಮ್ ಶೀಟ್ ಅಂತಾನೇ ಸಿಗುತ್ತೆ, ಹರ್ ಹೂಪ್ ಸ್ಟ್ಯಾಟ್ಸ್ ಹೆಣ್ಮಕ್ಕಳ ಆಟಕ್ಕೇ ಅಂತ ಇರೋ ಸೈಟು. ಅದರಲ್ಲಿ ಡಿವಿಷನ್ ಒನ್ ಅಲ್ಲದ ಕಾಲೇಜುಗಳ ಜೊತೆ ಆಡಿರೋ ಮ್ಯಾಚು ಇದ್ರೆ ಹೊಡೆದು ಹಾಕಿ. ಡಿವಿಷನ್ ಟೂ, ಥ್ರೀ ಟೀಮುಗಳನ್ನ ಮನೆಗೆ ಕರೆಸಿ 60 ಪಾಯಿಂಟಲ್ಲಿ ಗೆದ್ದಿರ್ತಾರೆ, ಅದು ಟಿವಿ ಕೆಳಗೆ ತೋರ್ಸೋ ರೆಕಾರ್ಡಲ್ಲಿ ಸೇರಿರುತ್ತೆ ಆದ್ರೆ ಸೀಸನ್ ಕೊನೆಯ ಟೂರ್ನಮೆಂಟಿಗೆ ಟೀಮು ಆರಿಸೋ ಎನ್‌ಸಿಎಎ ಕಮಿಟಿ ಬಳಸೋ ನೆಟ್ ರ‍್ಯಾಂಕಿಂಗಲ್ಲಿ ಸೇರಲ್ಲ. 28-2 ಇದ್ದಿದ್ದು ಇಷ್ಟಕ್ಕೇ 26-2 ಆಗ್ಬಹುದು.

ಆಮೇಲೆ ಕ್ವಾಡ್. ನೆಟ್ ಅನ್ನೋದು ಹುಡುಗೀರ ಆಟಕ್ಕೆ 2020-21ರ ಸೀಸನ್ನಿಂದ ಬಂತು, ಯಾರ ಮೇಲೆ ಎಲ್ಲಿ ಗೆದ್ರಿ, ಎಷ್ಟು ದಕ್ಷತೆಯಿಂದ ಆಡಿದ್ರಿ ಅಂತ ಸೇರಿಸಿ ಎಲ್ಲ ಟೀಮಿಗೂ ಒಂದೊಂದು ನಂಬರ್ ಕೊಡುತ್ತೆ. ಆ ನಂಬರ್ ಇಟ್ಕೊಂಡು ಪ್ರತಿ ಮ್ಯಾಚನ್ನ ನಾಲ್ಕು ಗುಂಪಾಗಿ ಹಾಕ್ತಾರೆ. ಮನೆ ಅಂಗಳದಲ್ಲಿ ಆಡಿದ್ರೆ ಮೊದಲ 25 ರ‍್ಯಾಂಕ್ ಒಳಗಿನ ಟೀಮು, ಇಬ್ಬರಿಗೂ ಸೇರದ ಜಾಗದಲ್ಲಾದ್ರೆ 35ರ ಒಳಗೆ, ಎದುರಿನವರ ಊರಲ್ಲಾದ್ರೆ 45ರ ಒಳಗೆ, ಇದು ಕ್ವಾಡ್ ಒನ್. ತಳದಲ್ಲಿ ಕ್ವಾಡ್ ಫೋರ್, ಮನೇಲಿ 91ರಿಂದ ಕೆಳಗಿನವರು, ಹೊರಗಿನ ಜಾಗದಲ್ಲಿ 106ರಿಂದ ಕೆಳಗೆ, ಅವರ ಊರಲ್ಲಿ 131ರಿಂದ ಕೆಳಗೆ. ಗಂಡುಮಕ್ಕಳ ಆಟದ ಲೆಕ್ಕ ಬೇರೆ, ಅದನ್ನ ಇಲ್ಲಿ ಬೆರೆಸ್ಬೇಡಿ, ಅಲ್ಲಿ ಗೆರೆ ಇನ್ನೂ ಸಡಿಲ, ಯಾಕಂದ್ರೆ ಹುಡುಗೀರ ಆಟದಲ್ಲಿ ಮೇಲಿನವರಿಗೂ ಮಧ್ಯದವರಿಗೂ ಅಂತರ ಜಾಸ್ತಿ, 60ನೇ ರ‍್ಯಾಂಕಿನವರನ್ನ ಗೆಲ್ಲೋದು ದೊಡ್ಡ ಟೀಮಿಗೆ ದಿನದ ಕೆಲಸ.

ಈಗ ಕ್ವಾಡ್ ಫೋರ್ ಗೆಲುವೆಲ್ಲ ಪಕ್ಕಕ್ಕೆ ಸರಿಸಿ, ಏಜೆಂಟು ಕಪ್ಪು ಬೀಜ ಸರಿಸೋ ಹಾಗೆ. ಉಳಿದಿದ್ದೆಷ್ಟು ನೋಡಿ. 26-2 ಇದ್ದಿದ್ದು 6-2 ಆಗಿ ನಿಂತ್ರೆ ಗಾಬರಿ ಬೀಳ್ಬೇಡಿ, ಆ ಎಂಟು ಮ್ಯಾಚೇ ನಿಮ್ಮ ನಿಜವಾದ ಪಾಠ ಪುಸ್ತಕ. ಅದ್ರಲ್ಲಿ ಎರಡು ಸೋಲು ಯಾರ ಹತ್ರ ಅನ್ನೋದು ಬಹಳ ಮುಖ್ಯ. ಟಾಪ್ ಹತ್ತರ ಟೀಮಿನ ಊರಿಗೆ ಹೋಗಿ 7 ಪಾಯಿಂಟಲ್ಲಿ ಸೋತಿದ್ರೆ ಅದು ನನ್ನ ಲೆಕ್ಕದಲ್ಲಿ ಇನ್ನೂರನೇ ರ‍್ಯಾಂಕಿನವರ ಮೇಲಿನ ಹತ್ತು ಗೆಲುವಿಗಿಂತ ಒಳ್ಳೆ ಸುದ್ದಿ. ಹಾಗೇ ಸೋತ ಮ್ಯಾಚು ಕ್ವಾಡ್ ಫೋರಲ್ಲಿದ್ರೆ ಅದನ್ನ ಮಾತ್ರ ಪಕ್ಕಕ್ಕೆ ಸರಿಸ್ಬೇಡಿ ಮತ್ತೆ, ಅದು ತಟ್ಟೇಲೇ ಇರ್ಲಿ.

ಹಳೇ ಕಾಲದಲ್ಲಿ ನೆಟ್ ಬದಲು ಆರ್‌ಪಿಐ ಅಂತೊಂದು ಲೆಕ್ಕ ಇತ್ತು, ಅದನ್ನ ಈಗ್ಲೂ ಕೆಲವರು ಹಿಡ್ಕೊಂಡು ಮಾತಾಡ್ತಾರೆ. ನಿಮ್ಮ ಗೆಲುವಿನ ಪ್ರಮಾಣಕ್ಕೆ 25 ಪರ್ಸೆಂಟು, ನೀವು ಆಡಿದವರ ಗೆಲುವಿಗೆ 50, ಅವರು ಆಡಿದವರ ಗೆಲುವಿಗೆ 25. ಅಂದ್ರೆ ಮುಕ್ಕಾಲು ಭಾಗ ನೀವು ಆಡೋದಲ್ಲ, ಬೇರೆಯವರು ಆಡಿದ್ದು. ಬಡಪಾಯಿ ಟೀಮನ್ನ 50 ಪಾಯಿಂಟಲ್ಲಿ ಗೆದ್ರೂ ನಿಮ್ಮ ನಂಬರ್ ಕೆಳಗಿಳೀತಿತ್ತು. ಹೋಯ್ತು, ಒಳ್ಳೇದೇ ಆಯ್ತು.

ಶೆಡ್ಯೂಲ್ ಯಾಕೆ ಸಪ್ಪೆ ಅಂತಾನೂ ಕೇಳ್ಕೊಳ್ಬೇಕು, ಇದನ್ನ ಬಹಳ ಜನ ಕೇಳಲ್ಲ. ಕಾಲೇಜುಗಳು ತಮ್ಮತಮ್ಮಲ್ಲೇ ಆಡೋಕೆ ಕಟ್ಕೊಂಡಿರೋ ಗುಂಪನ್ನ ಅಲ್ಲಿ ಕಾನ್ಫರೆನ್ಸ್ ಅಂತಾರೆ. ಸಣ್ಣ ಕಾನ್ಫರೆನ್ಸಿನ ಒಳ್ಳೆ ಟೀಮಿನ ಪಾಡು ಏನು ಅಂದ್ರೆ ದೊಡ್ಡವರು ಅವರ ಫೋನೇ ಎತ್ತಲ್ಲ. ಗೆದ್ರೆ ಏನೂ ಹೆಸರು ಬರಲ್ಲ, ಸೋತ್ರೆ ಮರ್ಯಾದೆ ಹೋಗುತ್ತೆ, ಯಾರಿಗೆ ಬೇಕು? ದುಡ್ಡು ಕೊಟ್ಟು ಮನೆಗೆ ಕರೆಸ್ಕೊಂಡು ಹೊಡೆಯೋದಕ್ಕೆ ದುರ್ಬಲ ಟೀಮುಗಳು ಬೇಕಾದಷ್ಟಿವೆ, ಅದನ್ನ ಅಲ್ಲಿ ಬೈ ಗೇಮ್ ಅಂತಾರೆ. ಆದ್ರಿಂದ ನವೆಂಬರ್ ಡಿಸೆಂಬರ್ ತಿಂಗಳ ಲಿಸ್ಟ್ ನೋಡಿ. ಜನವರಿಯಿಂದ ಕಾನ್ಫರೆನ್ಸ್ ಮ್ಯಾಚು, ಅದು ಅವರ ಕೈಲಿಲ್ಲ. ಮೊದಲ ಎರಡು ತಿಂಗಳು ಅವರ ಆಯ್ಕೆ. ಅಲ್ಲಿ ದೊಡ್ಡ ಟೀಮಿನ ಊರಿಗೆ ಎರಡು ಮೂರು ಸಲ ಹೋಗಿದ್ದಾರಾ, ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಬಹಾಮಾಸೋ ಕ್ಯಾನ್‌ಕೂನೋ ಎಲ್ಲೋ ಒಂದು ಟೂರ್ನಮೆಂಟಿಗೆ ಹೋಗಿ ಗೊತ್ತಿಲ್ಲದವರ ಜೊತೆ ಆಡಿದ್ದಾರಾ? ಹೋಗಿದ್ರೆ ಅವರಿಗೆ ಧೈರ್ಯ ಇದೆ, ನಿಮಗೂ ನೋಡೋಕೆ ಏನಾದ್ರೂ ಸಿಗುತ್ತೆ. ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) 2013ರಿಂದ 2020ರ ತನಕ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸಲ್ಲಿತ್ತು, ಏಳು ಸೀಸನ್ನಲ್ಲಿ ಆ ಕಾನ್ಫರೆನ್ಸಿನ ಒಂದೇ ಒಂದು ಟೀಮಿಗೂ ಸೋಲಲಿಲ್ಲ. ಬರೀ ಅಷ್ಟೇ ನೋಡಿದ್ರೆ ಇವರು ಮಕ್ಕಳ ಜೊತೆ ಆಡ್ತಿದ್ದಾರೆ ಅನ್ಸುತ್ತೆ, ಆದ್ರೆ ಅವರ ಕೋಚ್ ಜೀನೋ ಆರಿಯಮ್ಮ ಕಾನ್ಫರೆನ್ಸ್ ಹೊರಗೆ ನೋಟರ್ ಡೇಮ್, ಸೌತ್ ಕ್ಯಾರೊಲೈನಾ ಅಂತ ಹುಡುಕಿ ಹುಡುಕಿ ಮ್ಯಾಚು ಹಾಕ್ಕೊಳ್ತಿದ್ರು, 2014, 2015, 2016 ಮೂರು ವರ್ಷ ಸಾಲಾಗಿ ಕಪ್ ಎತ್ತಿದ್ರು. ಕಾನ್ಫರೆನ್ಸ್ ಸಪ್ಪೆ, ಟೀಮು ಸಪ್ಪೆ ಅಲ್ಲ.

ಈಗ ನಂಗೆ ಇಷ್ಟವಾದ ಭಾಗ. ದುರ್ಬಲರನ್ನ ಗೆದ್ದಿರೋ ಮ್ಯಾಚಲ್ಲೂ ಸುದ್ದಿ ಇರುತ್ತೆ, ಗೆದ್ರು ಅನ್ನೋದು ಸುದ್ದಿ ಅಲ್ಲ, ಹೇಗೆ ಗೆದ್ರು ಅನ್ನೋದು. ಮೊದಲು ಅಂತರ. ಆದ್ರೆ ಬರೀ ಪಾಯಿಂಟ್ ಅಂತರ ನೋಡಿದ್ರೆ ಮೋಸ ಹೋಗ್ತೀರ, ಯಾಕಂದ್ರೆ ಕೆಲವು ಟೀಮು ಓಡೋಡಿ ಆಡುತ್ತೆ, ಕೆಲವು ನಿಧಾನ. ಪೊಸೆಷನ್ ಲೆಕ್ಕ ಹಾಕ್ಬೇಕು, ಅಂದ್ರೆ ಒಂದು ಟೀಮಿಗೆ ಎಷ್ಟು ಸಲ ಬಾಲ್ ಸಿಕ್ತು. ಬಾಕ್ಸ್ ಸ್ಕೋರಿಂದಾನೇ (ಮ್ಯಾಚಿನ ಅಂಕಿಗಳ ಪಟ್ಟಿ) ಬರುತ್ತೆ: ಹೊಡೆದ ಶಾಟು, ಅದರಿಂದ ಆಫೆನ್ಸಿವ್ ರಿಬೌಂಡ್ (ತಮ್ಮದೇ ಮಿಸ್ ಆದ ಶಾಟನ್ನ ಮತ್ತೆ ಹಿಡಿದಿದ್ದು) ಕಳೀರಿ, ಟರ್ನೋವರ್ (ಶಾಟ್ ಹೊಡೆಯದೇ ಬಾಲ್ ಕಳ್ಕೊಂಡಿದ್ದು) ಕೂಡ್ಸಿ, ಫ್ರೀ ಥ್ರೋನ 0.44ರಿಂದ ಗುಣಿಸಿ ಕೂಡ್ಸಿ (ಕಾಲೇಜಿಗೆ 0.475 ಅಂತ ಹಾಕೋರೂ ಇದ್ದಾರೆ, ಜಗಳ ಬೇಡ). ಉದಾಹರಣೆಗೆ ಒಂದು ಟೀಮು 78-51ರಲ್ಲಿ ಗೆದ್ದಿದೆ, 70 ಪೊಸೆಷನ್ ಅಂತಿಟ್ಕೊಳ್ಳಿ. ಇನ್ನೊಂದು ಟೀಮು 92-65ರಲ್ಲಿ, 84 ಪೊಸೆಷನ್. ಅಂತರ ಎರಡಕ್ಕೂ 27. ನೂರು ಪೊಸೆಷನ್ನಿಗೆ ಹಾಕಿದ್ರೆ ಮೊದಲನೇದು 111ಕ್ಕೆ 73, ಅಂದ್ರೆ 38-39 ಪಾಯಿಂಟ್ ಮೇಲು. ಎರಡನೇದು 110ಕ್ಕೆ 77, ಸುಮಾರು 32. ಎದುರಾಳಿ ಒಂದೇ ಮಟ್ಟದವರಾದ್ರೆ ನಾನು ಮೊದಲನೇ ಟೀಮಿನ ಕಡೆ. ಕೈಯಲ್ಲಿ ಲೆಕ್ಕ ಹಾಕೋಕೆ ಬೇಜಾರಾದ್ರೆ ಸೈಟಲ್ಲೇ ಎದುರಾಳಿ ಮಟ್ಟಕ್ಕೆ ಸರಿ ಮಾಡಿದ ನಂಬರ್ ಇರುತ್ತೆ, ಆದ್ರೆ ಒಂದೆರಡು ಸಲ ಕೈಯಲ್ಲೇ ಹಾಕಿ ನೋಡಿ, ಆಟ ಬೇರೆ ಥರ ಕಾಣ್ಸುತ್ತೆ.

ಆಮೇಲೆ ಮಿನಿಟ್ಸ್ ಕಾಲಂ. ಇದನ್ನ ಯಾರೂ ನೋಡಲ್ಲ, ನಾನು ಮೊದಲು ನೋಡೋದೇ ಇದನ್ನ. ಆಟ 40 ನಿಮಿಷ, ಹತ್ತತ್ತರ ನಾಲ್ಕು ಕ್ವಾರ್ಟರು. 250ನೇ ರ‍್ಯಾಂಕಿನವರ ಮೇಲೆ 25 ಪಾಯಿಂಟಲ್ಲಿ ಗೆದ್ದಿದ್ದಾರೆ ಸರಿ, ಸ್ಟಾರ್ಟರ್ಸ್ ಐದು ಜನ ಎಷ್ಟು ಹೊತ್ತು ಆಡಿದ್ರು? 22-23 ನಿಮಿಷ ಆಡಿ ಕೂತು, ಬೆಂಚಿನ ಹುಡುಗೀರು ಉಳಿದಿದ್ದು ಮುಗಿಸಿದ್ರೆ ಆ 25 ನಿಜವಾಗಿ 40. ಐದೂ ಜನ 34-35 ನಿಮಿಷ ಬೆವರು ಸುರಿಸಿ 25 ಬಂದಿದ್ರೆ ಅದು 25ಕ್ಕಿಂತ ಕಮ್ಮಿ. ಮೊದಲ ಕ್ವಾರ್ಟರ್ ಸ್ಕೋರೂ ನೋಡಿ, ಒಳ್ಳೆ ಟೀಮು ದುರ್ಬಲರನ್ನ ಮೊದಲ ಹತ್ತು ನಿಮಿಷದಲ್ಲೇ ಮುಗಿಸುತ್ತೆ, ಮೂರನೇ ಕ್ವಾರ್ಟರ್ ತನಕ ಸಮಸಮ ಇದ್ದು ಕೊನೇಲಿ ಎದುರಿನವರು ಸುಸ್ತಾದ ಮೇಲೆ ಎಳ್ಕೊಂಡು ಹೋಗೋ ಟೀಮಿನ ಮೇಲೆ ನಂಗೆ ಅನುಮಾನ. ನಾಲ್ಕೈದು ಪಾಯಿಂಟ್ ಒಳಗೆ ಮುಗಿದ ಮ್ಯಾಚು ಎಷ್ಟಿವೆ, ಅದ್ರಲ್ಲಿ ಎಲ್ಲವನ್ನೂ ಗೆದ್ದಿದ್ದಾರೆ ಅಂದ್ರೆ ಟಿವಿಯವರು "ಗೆಲ್ಲೋದು ಗೊತ್ತಿರೋ ಟೀಮು" ಅಂತ ಹೊಗಳ್ತಾರೆ, ನಾನು ಅದನ್ನ ಅದೃಷ್ಟದ ಖಾತೆಗೆ ಬರೀತೀನಿ. ಕ್ವಾಡ್ ಫೋರಿನವರ ಜೊತೆ 4 ಪಾಯಿಂಟಲ್ಲಿ ಗೆಲ್ಲೋ ಪರಿಸ್ಥಿತಿ ಬಂದಿದ್ದೇ ಯಾಕೆ?

ಈಗ ನಾನು ಹೇಳಿದ ಕಿತ್ಕೊಂಡು ಓಡೋ ವಿಷಯ. ಸಪ್ಪೆ ಶೆಡ್ಯೂಲಲ್ಲಿ ಬಂದ ಪಾಯಿಂಟು ಎಲ್ಲ ಒಂದೇ ಥರ ಅಲ್ಲ, ಕೆಲವು ಘಾಟಿ ಇಳಿದ್ರೂ ಜೊತೆಗೆ ಬರುತ್ತೆ, ಕೆಲವು ಬರಲ್ಲ. ಫುಲ್ ಕೋರ್ಟ್ ಪ್ರೆಸ್ ಹಾಕಿ, ಅಂದ್ರೆ ಇಡೀ ಅಂಗಳದಲ್ಲಿ ಬೆನ್ನಟ್ಟಿ, ಸ್ಟೀಲ್ ಮಾಡಿ ಲೇಅಪ್ಪು, ಇದು ದುರ್ಬಲ ಗಾರ್ಡುಗಳ ಮೇಲೆ ಚೆನ್ನಾಗಿ ನಡೆಯುತ್ತೆ, ದೊಡ್ಡ ಕಾನ್ಫರೆನ್ಸಿನ ಗಾರ್ಡುಗಳು ಎರಡು ಪಾಸಲ್ಲಿ ಪ್ರೆಸ್ ದಾಟಿ ಆ ಕಡೆ ಮೂರಕ್ಕೆ ಎರಡು ಅಂತ ಬಂದು ಹೊಡೀತಾರೆ. ಹಾಗಾಗಿ ಬಾಕ್ಸ್ ಸ್ಕೋರ್ ಕೆಳಗಡೆ ಪಾಯಿಂಟ್ಸ್ ಆಫ್ ಟರ್ನೋವರ್ಸ್, ಫಾಸ್ಟ್ ಬ್ರೇಕ್ ಪಾಯಿಂಟ್ಸ್ ಅಂತ ಇರುತ್ತೆ, 80ರಲ್ಲಿ 35 ಅಲ್ಲಿಂದಾನೇ ಬಂದಿದ್ರೆ ಅದನ್ನ ಸಿಪ್ಪೆ ಅಂತ ಲೆಕ್ಕ ಹಾಕಿ. ರಿಬೌಂಡೂ ಹಾಗೇ, ಆರಡಿ ಎತ್ತರದವಳು ಸಣ್ಣ ಕಾನ್ಫರೆನ್ಸಲ್ಲಿ ರಾಣಿ, ಆರೂಕಾಲಡಿ ಹುಡುಗೀರು ಇಬ್ಬರು ಎದುರು ನಿಂತ ದಿನ ಬಾಲ್ ಮುಟ್ಟೋದೇ ಕಷ್ಟ. ತ್ರೀ ಪಾಯಿಂಟರ್ ಶಾಟು ಎತ್ತರ ಕೇಳಲ್ಲ, ಎಲ್ಲಿಗೆ ಹೋದ್ರೂ ಹೊಡೀಬಹುದು, ಆದ್ರೆ ಒಂದು ದಿನ ಹನ್ನೆರಡು ಬೀಳುತ್ತೆ ಇನ್ನೊಂದು ದಿನ ಮೂರು, ಹಾಗಾಗಿ ತ್ರೀ ನಂಬಿದ ಟೀಮು ದೊಡ್ಡವರನ್ನ ಬೀಳಿಸಲೂಬಹುದು, ಮರ್ಯಾದೆ ಕಳ್ಕೊಳ್ಳಲೂಬಹುದು. ನಾನು ಹೆಚ್ಚು ನಂಬೋದು ಎರಡನ್ನ: ಟರ್ನೋವರ್ ಕಮ್ಮಿ ಮಾಡೋ ಗಾರ್ಡು, ಹಾಫ್ ಕೋರ್ಟಲ್ಲಿ ಕೂತು ಕಾಯೋ ಡಿಫೆನ್ಸು. 2022ರ ಟೂರ್ನಮೆಂಟಿಗೆ ಸೌತ್ ಡಕೋಟ 10ನೇ ಸೀಡಾಗಿ (ಟೀಮುಗಳನ್ನ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಲ್ಲೂ ಕಮಿಟಿ 1ರಿಂದ 16ರ ತನಕ ಕೊಡೋ ನಂಬರೇ ಸೀಡ್, 1 ಅಂದ್ರೆ ಎಲ್ಲರಿಗಿಂತ ಗಟ್ಟಿ) ಬಂದು ಓಲ್ ಮಿಸ್ಸನ್ನ ಗೆದ್ದು, ಆಮೇಲೆ 2ನೇ ಸೀಡ್ ಬೇಯ್ಲರ್‌ನ ಅವರ ಊರಲ್ಲೇ 61-47ರಲ್ಲಿ ಕಟ್ಟಿ ಹಾಕ್ತು. 47! ಅವರ ಕಾನ್ಫರೆನ್ಸ್ ಸಮ್ಮಿಟ್ ಲೀಗ್ ಅಂದ್ರೆ ಎಲ್ಲಿದೆ ಅಂತಾನೂ ಬಹಳ ಜನಕ್ಕೆ ಗೊತ್ತಿಲ್ಲ.

ಹಳೇ ಕೇಸುಗಳನ್ನ ನೋಡಿದ್ರೆ ಕೈ ಕುದುರುತ್ತೆ. 2015ರ ಪ್ರಿನ್ಸ್‌ಟನ್ ತಗೊಳ್ಳಿ, 30-0, ಒಂದೂ ಸೋಲಿಲ್ಲ, ಕಮಿಟಿ ಕೊಟ್ಟಿದ್ದು 8ನೇ ಸೀಡ್. ಅವರ ಕಾನ್ಫರೆನ್ಸ್ ಐವಿ ಲೀಗ್ ಸಪ್ಪೆ ಅಂತ. ಆ ಟೀಮಲ್ಲಿ ಆಗಿನ ಅಧ್ಯಕ್ಷ ಒಬಾಮ ಅವರ ಹೆಂಡತಿಯ ಅಣ್ಣನ ಮಗಳು ಆಡ್ತಿದ್ಳು, ಅಧ್ಯಕ್ಷರೇ ಬಂದು ಕೂತು ಮ್ಯಾಚು ನೋಡಿದ್ರು. ಮೊದಲ ಮ್ಯಾಚಲ್ಲಿ ಗ್ರೀನ್ ಬೇನ 80-70ರಲ್ಲಿ ಗೆದ್ರು, ಎರಡನೇದ್ರಲ್ಲಿ 1ನೇ ಸೀಡ್ ಮೇರಿಲ್ಯಾಂಡ್ ಹತ್ರ ಅವರದೇ ಅಂಗಳದಲ್ಲಿ 85-70ಕ್ಕೆ ಸೋತ್ರು. ನೋಡಿದ್ರಾ ಕಮಿಟಿ ಹೇಳಿದ್ದೇ ಸರಿ ಅಂತ ಆಗ ಕೆಲವರು ಕುಣಿದ್ರು. ನಂಗೆ ಒಪ್ಪಿಗೆ ಇಲ್ಲ. 8ನೇ ಸೀಡ್ ಕೊಟ್ಟ ಮೇಲೆ ಎರಡನೇ ಮ್ಯಾಚು 1ನೇ ಸೀಡ್ ಜೊತೆಗೇ ಬೀಳೋದು, ಅದೂ ಅವರ ಊರಲ್ಲಿ, ಮೇರಿಲ್ಯಾಂಡ್ ಆ ವರ್ಷ ಫೈನಲ್ ಫೋರಿಗೆ, ಅಂದ್ರೆ ಸೆಮಿಫೈನಲ್ಲಿಗೆ, ಹೋದ ಟೀಮು. ಆ ಸೋಲಿಂದ ಪ್ರಿನ್ಸ್‌ಟನ್ ದೇಶದ ಮೊದಲ ನಾಲ್ಕರಲ್ಲಿಲ್ಲ ಅಂತ ಗೊತ್ತಾಯ್ತು, ಮೂವತ್ತರಲ್ಲಿದ್ರೋ ಹನ್ನೆರಡರಲ್ಲಿದ್ರೋ ಅಂತ ಗೊತ್ತಾಗ್ಲಿಲ್ಲ. ಅದೇ ಪ್ರಿನ್ಸ್‌ಟನ್ 2022ರಲ್ಲಿ 11ನೇ ಸೀಡಾಗಿ ಕೆಂಟಕಿನ ಗೆದ್ದು, ಇಂಡಿಯಾನ ಹತ್ರ 56-55ಕ್ಕೆ ಒಂದೇ ಒಂದು ಪಾಯಿಂಟಲ್ಲಿ ಸೋತ್ರು.

ಇನ್ನೊಂದು ಜೋಡಿ ನೋಡಿ, ಮೇಲ್ನೋಟಕ್ಕೆ ಅಕ್ಕ ತಂಗಿ ಥರ. ಫ್ಲೋರಿಡಾ ಗಲ್ಫ್ ಕೋಸ್ಟ್, 2022, ಸಣ್ಣ ಕಾನ್ಫರೆನ್ಸು, ಟೂರ್ನಮೆಂಟ್ ತನಕ ಎರಡೇ ಸೋಲು, 12ನೇ ಸೀಡ್. ಫೇರ್‌ಫೀಲ್ಡ್, 2024, ಸಣ್ಣ ಕಾನ್ಫರೆನ್ಸು, 31-1, ಪತ್ರಕರ್ತರು ಮತ ಹಾಕಿ ಮಾಡೋ ಎಪಿ ಪೋಲಲ್ಲಿ ಟಾಪ್ 25 ಒಳಗೂ ಬಂದಿದ್ರು, 13ನೇ ಸೀಡ್. ಮೊದಲನೇಯವರು 5ನೇ ಸೀಡ್ ವರ್ಜೀನಿಯಾ ಟೆಕ್‌ನ 84-81ರಲ್ಲಿ ಗೆದ್ರು. ಎರಡನೇಯವರು ಇಂಡಿಯಾನ ಹತ್ರ 89-56ಕ್ಕೆ, ಅಂದ್ರೆ 33 ಪಾಯಿಂಟಲ್ಲಿ ಸೋತ್ರು. ಮೊದಲೇ ಹೇಳ್ಬಹುದಿತ್ತಾ? ಪೂರ್ತಿ ಅಲ್ಲ, ಆದ್ರೆ ಸುಳಿವಿತ್ತು. ಗಲ್ಫ್ ಕೋಸ್ಟ್ ಅದೇ ಸೀಸನ್ನಿನ ನವೆಂಬರಲ್ಲಿ ದೊಡ್ಡ ಕಾನ್ಫರೆನ್ಸಿನ ಎಲ್‌ಎಸ್‌ಯುನ (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ಸೋಲಿಸಿದ್ರು, ಆಮೇಲೆ ಕೀರ್ಸ್ಟನ್ ಬೆಲ್ ಅಂತ ದೊಡ್ಡ ಕಾನ್ಫರೆನ್ಸಿನವರಿಗೂ ಬೇಕಾಗಿದ್ದ ಆಟಗಾರ್ತಿ ಅವರ ಹತ್ರ ಇದ್ಳು. ಫೇರ್‌ಫೀಲ್ಡ್ ತಟ್ಟೇಲಿ ಅಷ್ಟು ದಪ್ಪ ಬೀಜ ಒಂದೂ ಇರಲಿಲ್ಲ, ಇದ್ದಿದ್ದು ಮೂಟೆ ತೂಕ. ಎಪಿ ಪೋಲ್ ಬಗ್ಗೆ ಒಂದು ಮಾತು: ಅದ್ರಲ್ಲಿ ಮೇಲಿನವರು ಸೋತು ಇಳೀತಾ ಇದ್ದ ಹಾಗೆ ಸೋಲದೇ ಇರೋರು ಕೂತಲ್ಲೇ ಮೇಲೆ ಹೋಗ್ತಾರೆ. ಹಾಗೆ ಹತ್ತಿದವರನ್ನ ಹತ್ತಿದ್ರು ಅನ್ಬೇಡಿ.

ಇಷ್ಟೆಲ್ಲ ಹೇಳೋ ನಾನೇ 2023ರಲ್ಲಿ ಗುಂಡಿಗೆ ಬಿದ್ದಿದ್ದೀನಿ. ಎಲ್‌ಎಸ್‌ಯು ಆ ವರ್ಷ 23-0 ಅಂತ ಬಂತು. ಅವರ ಕೋಚ್ ಕಿಮ್ ಮಲ್ಕಿ ನವೆಂಬರ್ ಡಿಸೆಂಬರಲ್ಲಿ ಹಾಕ್ಕೊಂಡಿದ್ದ ಶೆಡ್ಯೂಲ್ ನೋಡಿದ್ರೆ ನಗು ಬರ್ಬೇಕು, ಸಣ್ಣ ಟೀಮಿನ ಹಾಗೆ ಮ್ಯಾಚ್ ಸಿಗದೇ ಅಲ್ಲ, ಬೇಕಂತಲೇ. ನಾನು ಸಿಕ್ಕಸಿಕ್ಕವರಿಗೆಲ್ಲ ಇದು ಬರೀ ಸಿಪ್ಪೆ ಅಂತ ಹೇಳ್ಕೊಂಡು ಬಂದೆ. ಫೆಬ್ರವರಿ 12ಕ್ಕೆ ಸೌತ್ ಕ್ಯಾರೊಲೈನಾ ಜೊತೆ ಮ್ಯಾಚು, ನಮಗೆ ಮಧ್ಯರಾತ್ರಿ ದಾಟಿತ್ತು, ಕರೆಂಟ್ ಬೇರೆ ಹೋಗಿ ಮೊಬೈಲ್ ಡೇಟಾದಲ್ಲಿ ಸ್ಕೋರ್ ನೋಡ್ತಾ ಕೂತಿದ್ದೆ, 88-64ಕ್ಕೆ ಸೋತ್ರು. ಬೆಳಿಗ್ಗೆ ಕಣದಲ್ಲಿ ಚೆರಿ ಹರವ್ತಾ ಮಾವನಿಗೆ ಹೇಳ್ದೆ, ನೋಡಿ ನಾನು ಹೇಳಿರಲಿಲ್ವಾ. ಮಾವ ಬೆನ್ನು ನೆಟ್ಟಗೆ ಮಾಡಿ ಒಂದೇ ಕೇಳಿದ್ರು, "ಆ ಸೌತ್ ಕ್ಯಾರೊಲೈನಾ ಬೇರೆಯವರನ್ನೆಲ್ಲ ಎಷ್ಟಲ್ಲಿ ಹೊಡ್ದಿದೆ ಮಗಳೇ?" ಹೋಗಿ ನೋಡಿದ್ರೆ ಅವರು ಆ ವರ್ಷ ಹೆಚ್ಚೂ ಕಡಿಮೆ ಎಲ್ಲರನ್ನೂ ಹಾಗೇ ಹೊಡ್ದಿದ್ರು. ಎಲ್‌ಎಸ್‌ಯು 3ನೇ ಸೀಡಾಗಿ ಬಂದು ಏಪ್ರಿಲ್ 2ಕ್ಕೆ ಅಯೋವಾನ 102-85ರಲ್ಲಿ ಗೆದ್ದು ಕಪ್ ತಗೊಂಡೋಯ್ತು, 34-2. ನನ್ನ ತಪ್ಪೇನು ಅಂದ್ರೆ ಶೆಡ್ಯೂಲ್ ಸಪ್ಪೆ ಅನ್ನೋದನ್ನ ಟೀಮು ಸಪ್ಪೆ ಅಂತ ಓದ್ಕೊಂಡೆ. ಶೆಡ್ಯೂಲ್ ಸಪ್ಪೆ ಆದ್ರೆ ಗೊತ್ತಾಗಿಲ್ಲ ಅಂತ ಅರ್ಥ, ಕೆಟ್ಟದ್ದು ಅಂತಲ್ಲ. ಎಲ್‌ಎಸ್‌ಯುನ ಏಂಜೆಲ್ ರೀಸ್ ರಿಬೌಂಡ್ ಹಿಡಿಯೋದು ಕಣ್ಣಾರೆ ನೋಡ್ತಾ ಇದ್ದೂ, ಎಸ್‌ಇಸಿಯಂಥ ಗಟ್ಟಿ ಕಾನ್ಫರೆನ್ಸಲ್ಲಿ ಜನವರಿ ಪೂರ್ತಿ ಗೆದ್ದಿದ್ದು ನೋಡಿದ್ರೂ, ನವೆಂಬರ್ ಲಿಸ್ಟನ್ನೇ ಹಿಡ್ಕೊಂಡು ಕೂತಿದ್ದೆ.

ಯಾರು ಆಡಿದ್ರು ಅನ್ನೋದನ್ನೂ ನೋಡಿ. ಹಾಕಿ ಹಬ್ಬದಲ್ಲಿ ಗೊತ್ತಲ್ವಾ, ಮಿಲಿಟರಿಲಿರೋ ಹುಡುಗನಿಗೆ ರಜೆ ಸಿಕ್ಕಿದ್ರೆ ಒಂದು ಟೀಮು, ಸಿಗದಿದ್ರೆ ಇನ್ನೊಂದೇ ಟೀಮು. ನವೆಂಬರಲ್ಲಿ ಒಂದು ಸಣ್ಣ ಕಾಲೇಜು ಟಾಪ್ 20ರ ಟೀಮನ್ನ ಗೆದ್ದಿದೆ ಅಂದ್ರೆ ಆ ದಿನ ದೊಡ್ಡವರ ಮುಖ್ಯ ಆಟಗಾರ್ತಿ ಬೆಂಚಲ್ಲಿ ಟ್ರ್ಯಾಕ್ ಸೂಟ್ ಹಾಕ್ಕೊಂಡು ಕೂತಿದ್ಳಾ ಅಂತ ಬಾಕ್ಸ್ ಸ್ಕೋರಲ್ಲಿ ಹುಡುಕಿ. 1998ರಲ್ಲಿ 16ನೇ ಸೀಡ್ ಹಾರ್ವರ್ಡ್ 1ನೇ ಸೀಡ್ ಸ್ಟ್ಯಾನ್‌ಫರ್ಡನ್ನ ಅವರ ಮನೇಲೇ 71-67ರಲ್ಲಿ ಗೆದ್ದಿದ್ದು ಪವಾಡ ಅಂತ ಹೇಳ್ತಾರೆ, ಆದ್ರೆ ಸ್ಟ್ಯಾನ್‌ಫರ್ಡಿನ ಇಬ್ಬರು ಮುಖ್ಯ ಆಟಗಾರ್ತಿಯರು ಟೂರ್ನಮೆಂಟಿಗೆ ಸ್ವಲ್ಪ ಮುಂಚೆ ಮಂಡಿ ಪೆಟ್ಟು ಮಾಡ್ಕೊಂಡು ಹೊರಗಿದ್ರು, ಈ ಕಡೆ ಹಾರ್ವರ್ಡಲ್ಲಿ ಆ ವರ್ಷ ದೇಶಕ್ಕೇ ಹೆಚ್ಚು ಸ್ಕೋರ್ ಮಾಡಿದ ಆಲಿಸನ್ ಫೀಸ್ಟರ್ ಇದ್ಳು, ಆ ಮ್ಯಾಚಲ್ಲೇ 35 ಹೊಡೆದ್ಳು. ಅವಳು ಇದ್ದ ಟೀಮಿಗೆ 16ನೇ ಸೀಡ್ ಕೊಟ್ಟಿದ್ದೇ ತಪ್ಪು.

ಅಂಗಳದ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ಹುಡುಗೀರ ಟೂರ್ನಮೆಂಟಲ್ಲಿ 68 ಟೀಮು, 1ರಿಂದ 4ನೇ ಸೀಡಿನ ತನಕದ 16 ಟೀಮು ಮೊದಲೆರಡು ರೌಂಡು ತಮ್ಮ ಊರಲ್ಲೇ ಆಡ್ತಾರೆ. ಹಾಗಾಗಿ ಸಣ್ಣ ಕಾನ್ಫರೆನ್ಸಿನವರು ನಾಲ್ಕನೇ ಸೀಡ್ ಒಳಗೆ ಬಂದ್ರೆ ಕಥೆನೇ ಬೇರೆ, 2024ರಲ್ಲಿ ಗೊನ್‌ಜಾಗ 4ನೇ ಸೀಡ್ ಪಡ್ಕೊಂಡು ಮನೇಲೇ ಎರಡು ಗೆದ್ದು ಸ್ವೀಟ್ ಸಿಕ್ಸ್‌ಟೀನಿಗೆ, ಅಂದ್ರೆ ಕೊನೆಯ ಹದಿನಾರಕ್ಕೆ, ಹೋದ್ರು. ಬರದೇ ಇದ್ರೆ ಬೇರೆಯವರ ಊರು, ಬೇರೆಯವರ ಜನ, ಮೂರು ನಾಲ್ಕು ಪಾಯಿಂಟ್ ಹಾಗೇ ಹೋಯ್ತು ಅಂತ ಇಟ್ಕೊಳ್ಳಿ. ಸೀಸನ್ ಪೂರ್ತಿ ಮನೆ ಬಿಟ್ಟು ಗಟ್ಟಿ ಟೀಮಿನ ಜೊತೆ ಆಡದವರಿಗೆ ಅದು ಇನ್ನೂ ಜಾಸ್ತಿ ಕಡಿಯುತ್ತೆ ಅನ್ನೋದು ನನ್ನ ಅನುಭವ, ಘಾಟಿ ಇಳಿದ ದಿನ ನಮ್ಮ ಪಾಯಿಂಟ್ ಗಾರ್ಡಿಗೆ ಬಂದ ಹೊಟ್ಟೆ ನೋವು ಅದೇ.

ಕೊನೆಗೆ ನಾನು ನಂಬರ್ ಹಾಕೋದು ಹೀಗೆ. ಇದೇ ಶೆಡ್ಯೂಲನ್ನ ಟೂರ್ನಮೆಂಟಿಗೆ ಸೇರೋದೋ ಬಿಡೋದೋ ಅನ್ನೋ ಅಂಚಲ್ಲಿರೋ ಒಂದು ಸಾಧಾರಣ ಟೀಮಿಗೆ ಕೊಟ್ರೆ ಎಷ್ಟು ಗೆಲ್ತಿತ್ತು ಅಂತ ಕೇಳ್ಕೊಳ್ತೀನಿ. ಅವರೂ 26-4 ಮಾಡ್ತಿದ್ರು ಅನ್ಸಿದ್ರೆ ನಮ್ಮವರ 28-2 ಅಂದ್ರೆ ಎರಡೇ ಗೆಲುವು ಜಾಸ್ತಿ, ಅಷ್ಟೇ. ಆಮೇಲೆ ಉಳಿದ ಎಂಟು ಹತ್ತು ಮ್ಯಾಚಲ್ಲಿ ಎರಡನ್ನ ಪೂರ್ತಿ ಕೂತು ನೋಡ್ತೀನಿ, ಒಂದು ಅವರು ಸೋತಿದ್ದು, ಒಂದು ಅವರ ದೊಡ್ಡ ಗೆಲುವು, ಸ್ಕೋರ್ ಗೊತ್ತಿದ್ರೂ ಪರವಾಗಿಲ್ಲ. ಪ್ರೆಸ್ ಬಂದಾಗ ಬಾಲ್ ಯಾರ ಕೈಲಿರುತ್ತೆ, ಶಾಟ್ ಕ್ಲಾಕಲ್ಲಿ ಏಳೆಂಟು ಸೆಕೆಂಡ್ ಉಳಿದಾಗ ಯಾರು ಏನ್ ಮಾಡ್ತಾರೆ, ಅಷ್ಟು ನೋಡಿದ್ರೆ ಸಾಕು. ಟೂರ್ನಮೆಂಟಿಗೆ ಯಾವ ಟೀಮು ಅಂತ ಹೇಳೋ ಸೆಲೆಕ್ಷನ್ ಸಂಡೇ ಶೋ ಅಮೆರಿಕದಲ್ಲಿ ರಾತ್ರಿ 8ಕ್ಕೆ ಅಂದ್ರೆ ನಮಗೆ ಸೋಮವಾರ ಬೆಳಿಗ್ಗೆ 5:30, ಮೊದಲ ರೌಂಡು ಶುರುವಾಗೋದು ಶುಕ್ರವಾರ. ಮಧ್ಯೆ ನಾಲ್ಕು ದಿನ ಇರುತ್ತೆ, ಹೂ ಮಳೆ ಬಾರದೇ ಸ್ಪ್ರಿಂಕ್ಲರ್ ಪೈಪ್ ಎಳೀತಿರೋ ವರ್ಷ ಆದ್ರೆ ಪೈಪ್ ಬದಲಾಯಿಸೋ ಗ್ಯಾಪಲ್ಲಿ ತೋಟದಲ್ಲೇ ಒಂದು ಕಲ್ಲಿನ ಮೇಲೆ ಕೂತು ಎರಡು ಟೀಮ್ ಶೀಟ್ ಓದ್ಬಹುದು, ನಾನು ಮಾಡೋದು ಹಾಗೇ.